ಬಂದೂಕು ಇಳಿಸಲಾಗದ ಕೋಣೆ

ದೆವ್ವ, ಪಿಶಾಚಿ, ಗಾಳಿ ಸೋಂಕು, ಇವನ್ನೆಲ್ಲ ನಾನು ನಂಬಿದವಳಲ್ಲ. ನಮ್ಮದು ಗದಗ ಕಡೆಯ ಒಂದು ಹಳ್ಳಿ. ಅಲ್ಲಿ ಹುಣಸೆಮರಕ್ಕೊಂದು ದೆವ್ವ, ಹಾಳುಬಾವಿಗೊಂದು ದೆವ್ವ ಎಂದು ಹಿರಿಯರು ಹಂಚಿಬಿಟ್ಟಿದ್ದರು. ಸಣ್ಣವಳಿದ್ದಾಗ ನಾನು ಅದೇ ಹುಣಸೆಮರಕ್ಕೆ ಕಲ್ಲು ಹೊಡೆದು ಕಾಯಿ ತಿಂದವಳು. ಹಲ್ಲು ಜುಮ್ಮೆಂದದ್ದು ಬಿಟ್ಟರೆ ಏನೂ ಆಗಲಿಲ್ಲ. ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ಶಾಲೆ ಕಡಿಮೆ ಕಂಡವಳು, ಕಂಡದ್ದಕ್ಕೆಲ್ಲ ಬೆದರುತ್ತಾಳೆ ಎಂದು ಮಾತ್ರ ದಯವಿಟ್ಟು ತಿಳಿಯಬೇಡಿ. ಯಾರಾದರೂ ದೆವ್ವದ ಕಥೆ ಹೇಳಿದರೆ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದವಳು ನಾನು. ಈಗ ನೀವು ನನ್ನನ್ನು ನೋಡಿ ನಗಬಹುದು. ನನ್ನದೇನೂ ಅಡ್ಡಿಯಿಲ್ಲ.

ಇದನ್ನು ಈಗ ಬರೆಯುವುದಕ್ಕೆ ಕಾರಣ ಸಂತೋಷ. ಮೊನ್ನೆ ನನ್ನ ಮೊಮ್ಮಗಳ ಆಟ ಎರಡನೆಯ ಸಲ, ಹೊಸ ರೂಪದಲ್ಲಿ ಹೊರಗೆ ಬಂತು. ಆಟ ಎಂದರೆ ಕಂಪ್ಯೂಟರಿನಲ್ಲಿ ಆಡುವ ಆಟ, ಅದೂ ದೆವ್ವದ ಆಟ. ಕೋಟೆಯಂಥ ಒಂದು ಹಳೆಯ ವಾಡೆಯೊಳಗೆ ಸಿಕ್ಕಿಕೊಂಡು, ಬಂದೂಕು ಹಿಡಿದು, ದೆವ್ವಗಳನ್ನು ಹೊಡೆಯುತ್ತ ಹೊರಗೆ ಬರಬೇಕು. ಆಟ ಮುಗಿದ ಮೇಲೆ ಅದನ್ನು ಮಾಡಿದವರ ಹೆಸರುಗಳು ಕೆಳಗಿನಿಂದ ಮೇಲಕ್ಕೆ ಏರುತ್ತವೆ. ಅದರಲ್ಲಿ ನನ್ನ ಅಶ್ವಿನಿಯ ಹೆಸರಿದೆ. ಅವಳ ಹೆಸರಿನ ಬೆನ್ನಿಗೇ ನನ್ನ ಹೆಸರೂ ಇದೆ! ಈಗ ನಾವಿರುವ, ತೆಲುಗರ ಊರಿನ ತಾರ್ನಾಕ ಬಡಾವಣೆಯ ತರಕಾರಿ ಗಾಡಿಯವನಿಂದ ಹಿಡಿದು ಗುಡಿಯ ಮುಂದೆ ಹೂ ಮಾರುವವಳವರೆಗೆ ಯಾರಿಗೂ ಹೇಳದೆ ಬಿಟ್ಟಿಲ್ಲ ನಾನು. ಆದರೆ ಹೇಳಿದಾಗಲೆಲ್ಲ ಆ ಒಂದು ಸಂಗತಿ ಗಂಟಲವರೆಗೆ ಬಂದು ಅಲ್ಲೇ ನಿಲ್ಲುತ್ತಿತ್ತು. ಅದನ್ನು ನಿಮ್ಮ ಮುಂದೆ ಹೇಳಿಬಿಡುತ್ತೇನೆ.

ಉಪ್ಪಲ್ ರಸ್ತೆಯ ನಡುವೆ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ ಅದು. ನಮ್ಮ ಮನೆಯವರು ಇಲ್ಲಿಯ ರಕ್ಷಣಾ ಇಲಾಖೆಯ ಒಂದು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮಗ, ಸೊಸೆ, ಅವರ ಮಗಳು ಅಶ್ವಿನಿ, ನಾವಿಬ್ಬರು, ಎಲ್ಲರೂ ಒಂದೇ ಮನೆ. ಓರಗೆಯವರೆಲ್ಲ ಬ್ಯಾಂಕು, ಸಾಫ್ಟ್‌ವೇರು ಎಂದು ಹೋದರೆ ನಮ್ಮ ಹುಡುಗಿ ಉಪ್ಪಲ್‌ನ ಒಂದು ಸಣ್ಣ ಆಟದ ಕಂಪನಿಗೆ ಸೇರಿದಳು. ದಿನವೆಲ್ಲ ಕಂಪ್ಯೂಟರಿನ ಮುಂದೆ ಕುಳಿತು ಗೋಡೆ, ಬಾಗಿಲು, ಕಂಬ, ಕತ್ತಲೆ ಬಿಡಿಸುವುದು ಅವಳ ಕೆಲಸ. ಕತ್ತಲೆ ಬಿಡಿಸುವುದಕ್ಕೂ ಪಗಾರ ಕೊಡುತ್ತಾರೆಂದು ನನಗೆ ಆಗಲೇ ತಿಳಿದದ್ದು.

ಒಂದು ದಿನ ಅವಳು ಮುಖ ಇಳಿಸಿಕೊಂಡು ಬಂದಳು. ಆ ವಾಡೆಯಲ್ಲಿ ಒಂದು ಕೋಣೆಯನ್ನು ಪೂರ್ತಿ ಅವಳೊಬ್ಬಳೇ ಮಾಡಿದ್ದಳಂತೆ. ಆಡಿ ನೋಡಲು ಕರೆಸಿದವರೆಲ್ಲ ಆ ಕೋಣೆಗೆ ಬಂದೊಡನೆ ಬೇಸರಪಟ್ಟು ಅರ್ಧಕ್ಕೇ ಎದ್ದು ಹೋಗುತ್ತಿದ್ದರಂತೆ. ಅವಳ ಮೇಲಿನವನು, ವಂಶಿ ಎಂಬ ತೆಲುಗು ಹುಡುಗ, ಆ ಕೋಣೆ ತೆಗೆದುಬಿಡೋಣ ಎಂದಿದ್ದ. ಇವಳು ಕೈಮುಗಿದು ಕೇಳಿದ ಮೇಲೆ ಒಂದೇ ಒಂದು ಅವಕಾಶ ಕೊಟ್ಟಿದ್ದ. ಆಟವೆಂದರೇನೆಂದೇ ಗೊತ್ತಿಲ್ಲದ ಒಬ್ಬರನ್ನು ಕೂಡಿಸೋಣ, ಅವರು ಎದ್ದು ಬರದೆ ಆ ಕೋಣೆ ದಾಟಿದರೆ ಅದು ಉಳಿಯಲಿ, ಎದ್ದರೆ ಹೋಗಲಿ ಎಂದು.

"ಅಜ್ಜಿ, ನೀನ ಬರಬೇಕು ನೋಡು," ಎಂದಳು ಅಶ್ವಿನಿ.

"ನನಗ ಟಿವಿ ರಿಮೋಟ್ ನೆಟ್ಟಗ ಒತ್ತಾಕ ಬರಂಗಿಲ್ಲ. ಮನ್ನಿ ಧಾರಾವಾಹಿ ಹಚ್ಚಾಕ ಹೋಗಿ ಹಿಂದಿ ಸುದ್ದಿ ಕೇಳಿಕೊಂಡ ಕುಂತಿದ್ದೆ."

"ಅದಕ್ಕ ನೀ ಬೇಕು. ಏನೂ ಬರದವರ ಬೇಕಂತ ಅವರಿಗೆ."

ನಮ್ಮ ಮನೆಯವರು ಪೇಪರ್ ಇಳಿಸಿ ನಕ್ಕರು. "ಇಡೀ ಜನ್ಮ ರಕ್ಷಣಾ ಇಲಾಖೆಯಾಗ ದುಡದೆ, ಒಂದ ದಿನ ಬಂದೂಕ ಮುಟ್ಟಲಿಲ್ಲ ನಾ. ಈಕಿ ನೋಡಿದ್ರ ಮಣಕಾಲು ನೋವು ಬಂದ ಮ್ಯಾಲೆ ಬಂದೂಕ ಹಿಡ್ಯಾಕ ಹೊಂಟಾಳ!"

"ಹಂಗಾರ ಅಷ್ಟು ವರ್ಷ ಕೈಯಾಗ ಏನ್ ಹಿಡಕೊಂಡಿದ್ರಿ?"

"ಕ್ಯಾಂಟೀನ್ ಟೋಕನ್," ಎಂದರು. ಎಲ್ಲರೂ ನಕ್ಕೆವು. ಅಶ್ವಿನಿ ಮಾತ್ರ ನಗಲಿಲ್ಲ. ಅವಳ ಕಣ್ಣು ನೋಡಿ ನಾನು ಹೂಂ ಎಂದೆ. ಆ ಕೋಣೆಯಲ್ಲಿ ಏನಿದೆ, ಹೇಗೆ ದಾಟಬೇಕು ಎಂದು ಅವಳು ಒಂದು ಅಕ್ಷರವನ್ನೂ ಹೇಳಲಿಲ್ಲ. ಹೇಳಬಾರದೆಂಬುದು ಅವರ ನಿಯಮ. ಆಟ ಕೊಂಡವರ ಮನೆಗೆ ಮಾಡಿದವರು ಹೋಗಿ ಪಕ್ಕದಲ್ಲಿ ಕೂಡುವುದಿಲ್ಲವಲ್ಲ, ಹಾಗಾಗಿ ಪರೀಕ್ಷೆಗೆ ಬಂದವರಿಗೂ ಏನೂ ಹೇಳಬಾರದು, ಸುಮ್ಮನೆ ನೋಡುತ್ತಿರಬೇಕು.

ಮಧ್ಯಾಹ್ನ ಊಟ ಮಾಡಿ ಹೋದೆವು. ಕಂಪನಿಯಲ್ಲಿ ಅದಕ್ಕೆಂದೇ ಒಂದು ಇಕ್ಕಟ್ಟಾದ ಕೋಣೆ. ಕಿಟಕಿ ಇಲ್ಲ. ಗೋಡೆಗೆಲ್ಲ ಹಾಸಿಗೆಯಂಥ ದಪ್ಪ ಬಟ್ಟೆ ಹೊಡೆದಿದ್ದರು, ಹೊರಗಿನ ಸಪ್ಪಳ ಒಳಗೆ ಬರುತ್ತಿರಲಿಲ್ಲ. ಒಂದು ಕುರ್ಚಿ, ಒಂದು ದೊಡ್ಡ ಪರದೆ, ಮೂಲೆಯಲ್ಲಿ ನನ್ನನ್ನು ನೋಡುವ ಕ್ಯಾಮೆರಾ. ವಂಶಿ ನನ್ನ ಕಿವಿಗೆ ಹೆಡ್‌ಫೋನ್ ಇಟ್ಟು, ಕೈಗೆ ಹೆಬ್ಬೆರಳಿನಿಂದ ತಿರುಗಿಸುವ ಎರಡು ಗುಬುಟಿನ ಹಿಡಿಕೆ ಕೊಟ್ಟು, "ಅಮ್ಮಮ್ಮಾ, ಏಮೀ ಕಾದು, ಆಡಂಡಿ," ಎಂದು ಧೈರ್ಯ ಹೇಳಿ, ಲೈಟು ಆರಿಸಿ ಹೋದ. ಬಾಗಿಲು ಮುಚ್ಚಿತು. ನಾನು ಯಾವಾಗ ಬೇಕಾದರೂ ಎದ್ದು ಬಾಗಿಲು ಬಡಿಯಬಹುದಿತ್ತು. ಆದರೆ ಎದ್ದರೆ ಮೊಮ್ಮಗಳ ಕೋಣೆ ಹೋಯಿತು. ಬೀಗ ಹಾಕಿದ್ದರೂ ಅಷ್ಟು ಗಟ್ಟಿಯಾಗಿ ಕಟ್ಟಿಹಾಕಿದಂತೆ ಆಗುತ್ತಿರಲಿಲ್ಲ.

ಆಟದ ಬಗ್ಗೆ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ, ಮೊಮ್ಮಗಳದ್ದೆಂದು ಬರೀ ಹೊಗಳುವುದಿಲ್ಲ. ಅದರಲ್ಲಿ ಒಳ್ಳೆಯದೆಂದರೆ ಸಪ್ಪಳ. ದೆವ್ವ ಕಾಣುವುದಕ್ಕಿಂತ ಮೊದಲು ಅದರ ಸಪ್ಪಳ ಬರುತ್ತದೆ. ಅಟ್ಟದ ಮೇಲೆ ಯಾರೋ ಒರಳು ಹೊರಳಿಸಿದ ಹಾಗೆ, ಪಕ್ಕದ ಕೋಣೆಯಲ್ಲಿ ತಾಮ್ರದ ಕೊಡ ಎಳೆದ ಹಾಗೆ. ಬೆನ್ನ ಹಿಂದಿನ ಸಪ್ಪಳ ಬೆನ್ನ ಹಿಂದೆಯೇ ಕೇಳುತ್ತದೆ. ನಾನು ಕುರ್ಚಿಯಲ್ಲೇ ತಿರುಗಿ ತಿರುಗಿ ನೋಡಿದೆ. ಬಾಗಿಲುಗಳೂ ಚೆನ್ನ. ಹಳೆಯ ತೇಗದ ಬಾಗಿಲು ತಳ್ಳಿದರೆ ಹೇಗೆ ಭಾರವಾಗಿ, ತಡೆದು ತಡೆದು ತೆರೆಯುತ್ತದೋ ಹಾಗೆಯೇ. ಕತ್ತಲೆಯಂತೂ ನಿಜವಾದ ಕತ್ತಲೆ. ಇಷ್ಟು ಒಳ್ಳೆಯ ಕತ್ತಲೆಯನ್ನು ನನ್ನ ಹುಡುಗಿ ಮಾಡಿದ್ದಾಳಲ್ಲ ಎಂದು ಆ ಹೆದರಿಕೆಯಲ್ಲೂ ಎದೆ ಉಬ್ಬಿತು.

ಕೊರತೆಗಳೂ ಇದ್ದವು. ದೆವ್ವಗಳೆಲ್ಲ ಒಂದೇ ಅಚ್ಚಿನವು. ಎಲ್ಲವಕ್ಕೂ ಬಿಳಿ ಸೀರೆ, ಎಲ್ಲವಕ್ಕೂ ಬಿಚ್ಚಿದ ಕೂದಲು. ಒಂದಕ್ಕಾದರೂ ಹೆರಳು ಹಾಕಬೇಕಿತ್ತು. ಗುಂಡು ಹೊಡೆದರೆ ಬಿದ್ದು ಸಾಯುತ್ತವೆ. ಸತ್ತೇ ದೆವ್ವವಾದವು ಮತ್ತೆ ಸಾಯುವುದೇನು? ನಾನು ಸತ್ತರೆ ಹೊರಟ ಬಾಗಿಲಿಗೇ ತಂದು ನಿಲ್ಲಿಸುತ್ತಾರೆ. ನಾನು ಎಷ್ಟು ಸಲ ಸತ್ತೆನೋ, ಆ ಬಾಗಿಲ ಮರದ ಗಂಟುಗಳೆಲ್ಲ ಬಾಯಿಪಾಠವಾದವು. ಅಷ್ಟು ದೊಡ್ಡ ವಾಡೆಯಲ್ಲಿ ಒಂದು ಅಡುಗೆಮನೆ ಇಲ್ಲ. ಎಲ್ಲಕ್ಕಿಂತ ದೊಡ್ಡ ಕೊರತೆ ಎಂದರೆ, ಆ ಆಟದಲ್ಲಿ ನೀವು ಎಂದರೆ ಎರಡು ಕೈ, ಒಂದು ಬಂದೂಕು, ಅಷ್ಟೆ. ಎತ್ತ ನೋಡಿದರೂ ಬಂದೂಕಿನ ಮೂತಿ ಅತ್ತಲೇ. ಅದನ್ನು ಕೆಳಗೆ ಇಳಿಸಲು ಬರುವುದಿಲ್ಲ. ಬಾಗಿಲು ನೋಡಿದರೆ ಬಾಗಿಲಿಗೆ ಗುರಿ, ದೇವರ ಗೂಡು ನೋಡಿದರೆ ದೇವರಿಗೆ ಗುರಿ.

ಹೀಗೆ ಬೀಳುತ್ತ ಏಳುತ್ತ ಆ ಕೋಣೆಗೆ ಬಂದೆ. ಒಳಗೆ ಕಾಲಿಟ್ಟೊಡನೆ ಹಿಂದೆ ಬಾಗಿಲು ಬಿತ್ತು, ಹೊರಗಿನಿಂದ ಚಿಲಕ ಬಿದ್ದ ಸಪ್ಪಳ. ನೋಡುತ್ತೇನೆ, ಅದು ನಮ್ಮ ತವರುಮನೆಯ ಪಡಸಾಲೆ! ಸೆಗಣಿ ಸಾರಿಸಿದ ನೆಲ, ಕಮಾನಿನ ಸಣ್ಣ ಕಿಟಕಿ, ಗೋಡೆಯಲ್ಲಿ ದೀಪದ ಮಾಡ. ಮಾಡದ ಮೇಲೆ ಹೊಗೆ ಹಿಡಿದ ಕಪ್ಪು ಕಲೆ ಕೂಡ ಎಡಕ್ಕೆ ವಾಲಿತ್ತು, ನಮ್ಮಲ್ಲಿ ಹೇಗೆ ವಾಲಿತ್ತೋ ಹಾಗೆ. ನಾನು ಅಶ್ವಿನಿಗೆ ಸಣ್ಣಂದಿನಲ್ಲಿ ಊಟ ಮಾಡಿಸುತ್ತ ಹೇಳಿದ್ದನ್ನೆಲ್ಲ ಅವಳು ತಲೆಯಲ್ಲಿಟ್ಟುಕೊಂಡು ಕಟ್ಟಿದ್ದಳು. ಅವಳು ಯಾಕೆ ಆ ಕೋಣೆಗಾಗಿ ಅಷ್ಟು ಕಾಡಿ ಬೇಡಿದಳೆಂದು ಆಗ ತಿಳಿಯಿತು. ಕಣ್ಣು ಮಂಜಾದವು. ಕನ್ನಡಕ ಒರೆಸಿಕೊಳ್ಳಲು ಹಿಡಿಕೆ ಬಿಡಲು ಧೈರ್ಯ ಬರಲಿಲ್ಲ.

ಮಾಡದಲ್ಲಿ ಒಂದು ಪಣತಿ ಉರಿಯುತ್ತಿತ್ತು. ಕಿಟಕಿಯ ಹೊರಗೆ ಮುಸ್ಸಂಜೆಯ ಕೆಂಪು. ಬಾಗಿಲಾಚೆ ಯಾವುದೋ ಭಾರವಾದದ್ದು ಅತ್ತಿಂದಿತ್ತ ತಿರುಗುತ್ತಿತ್ತು. ನಾನು ಗೋಡೆಯುದ್ದಕ್ಕೂ ಹುಡುಕಿದೆ. ಇನ್ನೊಂದು ಬಾಗಿಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಪರದೆಯ ಮೂಲೆಯಲ್ಲಿ ಒಂದು ಸಣ್ಣ ಚಿತ್ರ ಮೂಡಿತು: ಬಂದೂಕು, ಅದರ ಮುಂದೆ ದೀಪ. ಓದು ಬಾರದವರಿಗೂ ತಿಳಿಯುವಂಥದ್ದು. ದೀಪಕ್ಕೆ ಗುಂಡು ಹೊಡೆ, ಕತ್ತಲೆಯಾಗುತ್ತದೆ, ಹೊರಗಿನದು ಬಾಗಿಲು ತೆರೆದು ಒಳಗೆ ಹುಡುಕಲು ಬರುತ್ತದೆ, ನೀನು ಸಂದಿನಲ್ಲಿ ಪಾರಾಗು. ಇಷ್ಟೇ ಯುಕ್ತಿ.

ನನ್ನಿಂದ ಆಗಲಿಲ್ಲ. ಇದನ್ನು ಹೇಗೆ ಹೇಳಲಿ ನಿಮಗೆ? ಸಂಜೆ ಹಚ್ಚಿದ ದೀಪವನ್ನು ನಮ್ಮ ಮನೆಯಲ್ಲಿ ಬಾಯಿಂದ ಊದುವುದಿಲ್ಲ, ಕೈ ಬೀಸುವುದೂ ಇಲ್ಲ. ಎಣ್ಣೆ ತೀರಿ ತಾನಾಗಿ ಶಾಂತವಾಗಬೇಕು. ಅದಕ್ಕೆ ಗುಂಡೇ? ಅದೂ ನಮ್ಮ ಪಡಸಾಲೆಯಲ್ಲಿ, ನಮ್ಮ ಮಾಡದಲ್ಲಿ? ಇದು ಆಟ, ಇದು ಬೆಳಕಿನ ಚಿತ್ರ ಎಂದು ಬುದ್ಧಿಗೆ ಗೊತ್ತಿತ್ತು. ಬೆರಳಿಗೆ ಗೊತ್ತಾಗಲಿಲ್ಲ. ಹೊಡೆಯಲಾರೆ, ಹೊಡೆಯದೆ ಹೊರಗೆ ಹೋಗಲಾರೆ, ಎದ್ದರೆ ಈ ಪಡಸಾಲೆಯನ್ನೇ ಕೆಡವುತ್ತಾರೆ. ಒಂದು ಕೋಣೆಯೊಳಗೆ ಇನ್ನೊಂದು ಕೋಣೆ, ಎರಡರಲ್ಲೂ ಸಿಕ್ಕಿಕೊಂಡವಳು ನಾನೊಬ್ಬಳೇ. ಮಂಡಿ ಸಿಡಿಯುತ್ತಿತ್ತು. ಆದರೂ ಏಳಲಿಲ್ಲ. ಹಿಡಿಕೆಯನ್ನು ತೊಡೆಯ ಮೇಲಿಟ್ಟು, ಬೆರಳು ತಪ್ಪಿ ಒತ್ತೀತೆಂದು ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ದೀಪ ನೋಡುತ್ತ ಕುಳಿತೆ.

ಎಷ್ಟು ಹೊತ್ತು ಕುಳಿತೆನೋ ತಿಳಿಯದು. ಹೊರಗಿನ ಹೆಜ್ಜೆ ನಿಂತಿತು. ಆಮೇಲೆ ಕಿವಿಯಲ್ಲಿ ಬಳೆಯ ಸಪ್ಪಳ. ಗಾಜಿನ ಬಳೆ, ತುಂಬ ಅಲ್ಲ, ಒಂದಕ್ಕೊಂದು ತಾಗಿದಷ್ಟು. ನನ್ನ ಎಡಗಡೆಯಿಂದ ಒಬ್ಬ ಹೆಂಗಸು ಪರದೆಯೊಳಗೆ ಬಂದಳು. ಬಿಳಿ ಸೀರೆಯಲ್ಲ, ಮಾಸಿದ ಹಸಿರು ಇಳಕಲ್ ಸೀರೆ. ಕೂದಲು ಬಿಚ್ಚಿರಲಿಲ್ಲ, ತುರುಬು ಕಟ್ಟಿದ್ದಳು. ನನ್ನ ಕಡೆ ನೋಡಲಿಲ್ಲ. ಬೆನ್ನು ಮಾಡಿ, ಒಂದು ಮಂಡಿ ಎತ್ತಿ, ಮಾಡದ ಮುಂದೆ ನೆಲದ ಮೇಲೆ ಕುಳಿತಳು.

ನನ್ನ ಬಂದೂಕಿನ ಮೂತಿ ಅವಳ ಬೆನ್ನಿಗೆ ನೇರವಾಗಿತ್ತು. ಆ ಹೊತ್ತಿನ ನನ್ನ ಪಾಡು ಯಾರಿಗೂ ಬೇಡ. ಇಳಿಸೋಣವೆಂದರೆ ಇಳಿಯದು. ಗುಬುಟು ತಿರುಗಿಸಿ ಬೇರೆ ಕಡೆ ಗುರಿ ಮಾಡಿದರೆ ಅವಳು ಕಾಣುವುದಿಲ್ಲ. ಅವಳನ್ನು ನೋಡಬೇಕೆಂದರೆ ಬಂದೂಕು ಅವಳ ಬೆನ್ನಿಗೇ ಇರಬೇಕು. ನಾನು ಹಾಗೆಯೇ ಕುಳಿತೆ. ಅವಳು ತುರುಬಿನಿಂದ ಒಂದು ಪಿನ್ನು ತೆಗೆದಳು. ಅದರ ತುದಿಯಿಂದ ಪಣತಿಯ ಬತ್ತಿಯನ್ನು ಸ್ವಲ್ಪ ಮುಂದೆ ಸರಿಸಿದಳು. ಕುಡಿ ಎತ್ತರವಾಯಿತು. ಬೆರಳಿಗೆ ಹತ್ತಿದ ಎಣ್ಣೆಯನ್ನು ಕಿವಿಯ ಹಿಂದಿನ ಕೂದಲಿಗೆ ಒರೆಸಿಕೊಂಡಳು.

ನಮ್ಮವ್ವ ಹಾಗೆ ಮಾಡುತ್ತಿದ್ದಳು. ಪಡಸಾಲೆಯ ಬಗ್ಗೆ, ಮಾಡದ ಬಗ್ಗೆ ಅಶ್ವಿನಿಗೆ ಹೇಳಿದ್ದೆ, ನಿಜ. ಆದರೆ ಆ ಪಿನ್ನು, ಆ ಬೆರಳು ಒರೆಸುವುದು, ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳುವಂಥದ್ದೆಂದು ನನಗೇ ಹೊಳೆದಿರಲಿಲ್ಲ. ಎಣ್ಣೆಯ ವಾಸನೆಯೂ ಬಂತೆಂದು ಬರೆದರೆ ಕಥೆ ಇನ್ನೂ ಚೆನ್ನಾಗಿರುತ್ತದೆ. ಆದರೆ ವಾಸನೆ ಬರಲಿಲ್ಲ. ಮುಖವನ್ನೂ ನಾನು ನೋಡಲಿಲ್ಲ. "ಅವ್ವಾ" ಎಂದು ಕರೆಯಬೇಕೆನ್ನಿಸಿತು. ಬೆನ್ನಿಗೆ ಬಂದೂಕು ಹಿಡಿದುಕೊಂಡು ಯಾವ ಬಾಯಿಂದ ಕರೆಯಲಿ? ಅವಳು ಎದ್ದಳು. ಪರದೆ ದಾಟಿ ನನ್ನ ಹಿಂದಿನ ಬಾಗಿಲ ಕಡೆ ಹೋದಳು. ಚಿಲಕ ಸರಿದು ಬಾಗಿಲು ತೆರೆದ ಸಪ್ಪಳ. ನಾನು ಸೆರಗಿನಿಂದ ಕೈ ಬಿಡಿಸಿ ಹಿಡಿಕೆ ಹಿಡಿದು ಹಿಂದೆ ಹೋಗುವಷ್ಟರಲ್ಲಿ ಹೊರಗೆ ಖಾಲಿ ಮೊಗಸಾಲೆ, ಅಷ್ಟೆ.

ನಾನು ಕುಳಿತಿದ್ದ ಇಕ್ಕಟ್ಟು ಕೋಣೆಯ ಲೈಟುಗಳು ಹತ್ತಿದವು. ಅಶ್ವಿನಿ ಓಡಿ ಬಂದು ನನ್ನನ್ನು ಅಪ್ಪಿಕೊಂಡಳು. "ದಾಟಿದಿ ಅಜ್ಜಿ, ದಾಟಿದಿ! ಆದ್ರ ಹೆಂಗ? ನೀ ಗುಂಡ ಹಾರಿಸಲಿಲ್ಲಲ್ಲ!"

ಅವಳ ಹಿಂದೆ ವಂಶಿ ಬಾಯಿ ತೆರೆದುಕೊಂಡು ನಿಂತಿದ್ದ. "ಅಮ್ಮಮ್ಮಾ, ಏಂ ಚೇಶಾರು ಮೀರು?"

"ನಾ ಏನೂ ಮಾಡಿಲ್ಲಪ್ಪ. ಆಕಿ ತಗದ್ಲು. ಬೆನ್ನ ಮಾಡಿ ಕುಂತಿದ್ಲಲ್ಲ, ಹಸರ ಸೀರಿಯಾಕಿ. ಭಾಳ ಚೊಲೊ ಮಾಡೀರಿ ಆಕಿನ್ನ."

ಅಶ್ವಿನಿ ನನ್ನ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಮೆಲ್ಲಗೆ ಹೇಳಿದಳು: "ಅಜ್ಜಿ, ಈ ಆಟದಾಗ ಯಾರಿಗೂ ಕುಂದ್ರಾಕ ಬರಂಗಿಲ್ಲ. ನಿಲ್ಲೋದು, ಓಡೋದು, ಬೀಳೋದು, ಇಷ್ಟ ಮಾಡೀವಿ. ಕುಂದ್ರೋದು ಮಾಡೇ ಇಲ್ಲ."

ನಾನು ಆಡಿದ್ದೆಲ್ಲ ಅವರ ಯಂತ್ರದಲ್ಲಿ ದಾಖಲಾಗಿತ್ತು. ತಿರುಗಿಸಿ ನೋಡಿದೆವು. ಪಡಸಾಲೆ ಇದೆ, ಮಾಡ ಇದೆ, ದೀಪ ಇದೆ. ಹೆಂಗಸು ಇಲ್ಲ. ಬಳೆಯ ಸಪ್ಪಳ ಇಲ್ಲ. ಖಾಲಿ ಕೋಣೆ ಹಾಗೆಯೇ ಇದ್ದು, ಆಮೇಲೆ ಬಾಗಿಲು ತಾನೇ ತೆರೆಯುತ್ತದೆ. ವಂಶಿ ನಕ್ಕು, ಇದು ಬಗ್ ಎಂದ, ಆಟದೊಳಗಿನ ದೋಷಕ್ಕೆ ಅವರು ಹಾಗೆನ್ನುತ್ತಾರೆ. ಇಕ್ಕಟ್ಟಾದ ಕೋಣೆ, ವಯಸ್ಸಾದ ಕಣ್ಣು, ಒಂದೇ ಕಡೆ ನೋಡುತ್ತ ತೂಕಡಿಸಿರಬಹುದು ಎಂದೂ ಹೇಳಿದ. ನನಗೂ ಅದೇ ಸರಿ ಎನ್ನಿಸುತ್ತಿತ್ತು. ಅಷ್ಟರಲ್ಲಿ ಅಶ್ವಿನಿ, "ದೀಪ ನೋಡ್ರಿ," ಎಂದಳು. ಕೋಣೆಗೆ ಬಂದಾಗ ಇದ್ದ ಕುಡಿಗಿಂತ ಬಾಗಿಲು ತೆರೆದಾಗಿನ ಕುಡಿ ಎತ್ತರವಿತ್ತು. ಆ ಕುಡಿಯನ್ನು ಬಿಡಿಸಿದವಳು ಅವಳೇ. ಒಂದೇ ಅಳತೆಯಲ್ಲಿ ಅಲುಗಾಡುತ್ತಿರುವಂತೆ ಬಿಡಿಸಿದ್ದಳಂತೆ. ಅದಕ್ಕೆ ಎತ್ತರವಾಗಲು ಬರುವುದೇ ಇಲ್ಲವಂತೆ. ವಂಶಿಯ ನಗು ನಿಂತಿತು. ಆಮೇಲೆ ಅವರೆಲ್ಲ ಸೇರಿ ವಾರಗಟ್ಟಲೆ ಹುಡುಕಿದರು. ಆ ದೋಷ ಸಿಗಲಿಲ್ಲ, ಇನ್ನೊಮ್ಮೆ ಹಾಗೆ ಆಗಲೂ ಇಲ್ಲ.

ವಂಶಿ ಮಾತು ಉಳಿಸಿಕೊಂಡ. ಕೋಣೆ ಉಳಿಯಿತು. ಅಶ್ವಿನಿ ಅದರಲ್ಲಿ ಇನ್ನೊಂದು ದಾರಿ ಸೇರಿಸಿದಳು. ದೀಪಕ್ಕೆ ಹೊಡೆಯದೆ ತಾಳ್ಮೆಯಿಂದ ಕಾದವರಿಗೂ ಬಾಗಿಲು ತೆರೆಯುತ್ತದೆ. ಆಟ ಹೊರಬಂದ ಮೇಲೆ ಆ ಕೋಣೆಯೇ ಚೆನ್ನಾಗಿದೆ ಎಂದು ಎಲ್ಲೆಲ್ಲಿಯವರೋ ಬರೆದರಂತೆ. ಅವಳು ಓದಿ ಹೇಳುತ್ತಿದ್ದರೆ ನಾನು ಹಿಗ್ಗಿ ಅವತ್ತು ಮನೆಯಲ್ಲಿ ಹೋಳಿಗೆ ಮಾಡಿದೆ. ನಮ್ಮ ಮನೆಯವರು ಸಿಕ್ಕವರಿಗೆಲ್ಲ, "ನಮ್ಮ ಮನಿಯಾಗ ಬಂದೂಕಿನ ಕೆಲಸಾ ಏನಿದ್ರೂ ಆಕೀದ ರೀ," ಎಂದು ಹೇಳುತ್ತ ತಿರುಗಿದರು.

ಈ ಸಲ ಹೊಸದಾಗಿ ಮಾಡುವಾಗ ಅಶ್ವಿನಿ ಕೇಳಿದ್ದಳು, ಇನ್ನೇನು ಬದಲಿಸಲಿ ಅಜ್ಜಿ ಎಂದು. ದೆವ್ವಗಳಿಗೆ ಹೆರಳು ಬೇಡ, ಅಡುಗೆಮನೆಯೂ ಬೇಡ, ಬಂದೂಕು ಕೆಳಗಿಳಿಸಲು ಒಂದು ಗುಂಡಿ ಮಾಡು ಎಂದೆ. ಅವಳು ಯಾಕೆಂದು ಕೇಳಲಿಲ್ಲ. ಮಾಡಿದ್ದಾಳೆ. ಮೊನ್ನೆ ಮನೆಯಲ್ಲೇ ತಂದು ಹಚ್ಚಿಕೊಟ್ಟಳು.

ಈಗ ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ನಾನು ಆಡುತ್ತೇನೆ. ಕೈ ಪಳಗಿದೆ, ಸಾಯುವುದು ಕಡಿಮೆಯಾಗಿದೆ. ಆ ಪಡಸಾಲೆಗೆ ಹೋಗುತ್ತೇನೆ. ಬಂದೂಕು ಇಳಿಸುತ್ತೇನೆ. ದೀಪದ ಮುಂದೆ ನಿಲ್ಲುತ್ತೇನೆ. ಅವತ್ತು ಬಂದವಳು ಯಾರು, ಬಂದಿದ್ದಳೋ ಇಲ್ಲವೋ, ನನಗೆ ಇವತ್ತಿಗೂ ತಿಳಿಯದು. ದೆವ್ವ ಇದೆಯೇ ಎಂದು ಕೇಳಿದರೆ ಇಲ್ಲವೆಂದೇ ಹೇಳುತ್ತೇನೆ. ಸ್ವಲ್ಪ ಹೊತ್ತಿಗೆ ಚಿಲಕ ಸರಿದು ಬಾಗಿಲು ತೆರೆಯುತ್ತದೆ. ಅದು ಅಶ್ವಿನಿ ಮಾಡಿದ್ದು, ನನಗೆ ಗೊತ್ತು. ತೆರೆದ ಬಾಗಿಲು ಹಾಗೆಯೇ ಇರುತ್ತದೆ, ನಾನು ಹೋಗುವುದಿಲ್ಲ. ಕೈ ಖಾಲಿ ಇದೆಯವ್ವ ಎಂದು ಮನಸ್ಸಿನಲ್ಲೇ ಹೇಳಿ, ಕುಡಿಯನ್ನು ನೋಡುತ್ತಿರುತ್ತೇನೆ, ಒಳಗಿನಿಂದ ನಮ್ಮ ಮನೆಯವರು ಎದ್ದು ಚಹಾ ಕೇಳುವವರೆಗೂ.